ಆ ಪುಸ್ತಕ ಈಗ ಯಾರ ಕೈಯಲ್ಲಿದೆ? ‘ಬ್ಯಾಕ್ ಟು ದ ಫ್ಯೂಚರ್’ ಎರಡನೇ ಭಾಗವನ್ನು ಬಿಡಿಸಿ ನೋಡೋಣ

ಟೈಮ್ ಟ್ರಾವೆಲ್ ಸಿನಿಮಾಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಬ್ಯಾಕ್ ಟು ದ ಫ್ಯೂಚರ್ ಭಾಗ 2’. ಮೊದಲ ಭಾಗಕ್ಕಿಂತಲೂ ಜಾಸ್ತಿ. ಹೀಗೆ ಹೇಳಿದರೆ ತುಂಬ ಜನ ತಕರಾರು ತೆಗೆಯುತ್ತಾರೆ. ಮೊದಲನೆಯದು ಮುದ್ದಾಗಿದೆ, ಮೂರನೆಯದರಲ್ಲಿ ಕುದುರೆ, ರೈಲು, ಪ್ರೀತಿ ಎಲ್ಲ ಇದೆ, ಎರಡನೆಯದು ಮಾತ್ರ ತಲೆ ಕೆಡಿಸುತ್ತದೆ ಅನ್ನುವುದು ಅವರ ವಾದ. ಶಿರಸಿಯಲ್ಲಿ ಮಳೆಗಾಲದ ರಜೆಗೆ ಮನೆಯವರೆಲ್ಲ ಸೇರಿದಾಗ ನಾನು ಇದನ್ನು ಹಾಕಿ ಕೂರಿಸುವುದುಂಟು. ಪ್ರತಿ ಸಲ ಅದೇ ಜಾಗಕ್ಕೆ ಬಂದಾಗ ಯಾರಾದರೂ ಒಬ್ಬರು ನಿಲ್ಲಿಸುತ್ತಾರೆ. "ಅಲ್ಲಾ ಮಾರಾಯಾ, ಈ ಅಜ್ಜ ವಾಪಸ್ ಹ್ಯಾಂಗೆ ಬಂದ?"

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಇದೆ, ಆಮೇಲೆ ಹೇಳುತ್ತೇನೆ. ಈ ಸಿನಿಮಾ ಕಷ್ಟ ಅನ್ನಿಸುವುದಕ್ಕೆ ಕಾರಣ, ನಾವು ಮಾರ್ಟಿಯ ಹಿಂದೆ ಓಡುತ್ತೇವೆ. ಅವನು ನಾಯಕ, ಕಣ್ಣು ಅವನ ಮೇಲೇ ಇರುತ್ತದೆ, ಅದು ಸಹಜ. ಆದರೆ ಮಾರ್ಟಿ ಒಂದು ಕಾಲದಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತಾನೆ, ಒಂದು ಹಂತದಲ್ಲಿ ಒಂದೇ ಊರಲ್ಲಿ ಇಬ್ಬರು ಮಾರ್ಟಿಗಳಿರುತ್ತಾರೆ, ಅವನನ್ನೇ ಹಿಡಿದು ಹೋದರೆ ದಾರಿ ತಪ್ಪುವುದು ಖಂಡಿತ. ಹಾಗಾಗಿ ಮಾರ್ಟಿಯನ್ನು ಬಿಡಿ. ಕಥೆಯಲ್ಲಿ ಒಂದು ಪುಸ್ತಕ ಬರುತ್ತದೆ, ಆಟಗಳ ಫಲಿತಾಂಶ ಬರೆದಿಟ್ಟ ಕ್ರೀಡಾ ಅಲ್ಮನಾಕ್. ಅದರ ಬೆನ್ನು ಹತ್ತಿ. ಪ್ರತಿ ದೃಶ್ಯದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಆ ಕ್ರೀಡಾ ಅಲ್ಮನಾಕ್ ಈಗ ಯಾರ ಕೈಯಲ್ಲಿದೆ? ಇಷ್ಟು ಮಾಡಿದರೆ ಇಡೀ ಸಿನಿಮಾ ದಾರದ ಹಾಗೆ ಬಿಚ್ಚಿಕೊಳ್ಳುತ್ತದೆ.

ಮುಂದೆ ಕಥೆ ಪೂರ್ತಿ ಬಿಚ್ಚಿಡುತ್ತಿದ್ದೇನೆ. ನೋಡದವರು ಮೊದಲು ನೋಡಿಬನ್ನಿ.

ಸ್ವಲ್ಪ ಹಿನ್ನೆಲೆ ಬೇಕು. ಮೊದಲ ಚಿತ್ರ ಬಂದದ್ದು 1985ರ ಜುಲೈಯಲ್ಲಿ. ನಿರ್ದೇಶಕ ರಾಬರ್ಟ್ ಜೆಮೆಕಿಸ್, ಅವರ ಜೊತೆ ಕಥೆ ಬರೆದವರು ಬಾಬ್ ಗೇಲ್. ಹಿಲ್ ವ್ಯಾಲಿ ಎಂಬ ಕಾಲ್ಪನಿಕ ಊರಿನ ಹುಡುಗ ಮಾರ್ಟಿ ಮೆಕ್‌ಫ್ಲೈ ತನ್ನ ಸ್ನೇಹಿತ, ವಿಜ್ಞಾನಿ ಡಾಕ್ ಬ್ರೌನ್ ಟೈಮ್ ಮಷಿನ್ ಆಗಿ ಮಾರ್ಪಡಿಸಿದ ಡೆಲೋರಿಯನ್ ಕಾರಿನಲ್ಲಿ 1985ರಿಂದ 1955ಕ್ಕೆ ಹೋಗುತ್ತಾನೆ. ಅಲ್ಲಿ ತನ್ನ ಅಪ್ಪ ಅಮ್ಮ ಒಂದಾಗುವುದನ್ನು ಗೊತ್ತಿಲ್ಲದೆ ತಪ್ಪಿಸುತ್ತಾನೆ, ಮತ್ತೆ ಹೇಗೋ ಅವರನ್ನು ಸೇರಿಸಿ, ಊರಿನ ಗಡಿಯಾರ ಗೋಪುರಕ್ಕೆ ಬಡಿದ ಸಿಡಿಲಿನ ಶಕ್ತಿಯಿಂದ ವಾಪಸಾಗುತ್ತಾನೆ. ಆ ಸಿಡಿಲು ಬಡಿಯುವುದು 1955ರ ನವೆಂಬರ್ 12, ಶನಿವಾರ, ರಾತ್ರಿ 10 ಗಂಟೆ 4 ನಿಮಿಷಕ್ಕೆ. ಈ ತಾರೀಕು ನೆನಪಿಟ್ಟುಕೊಳ್ಳಿ, ಎರಡನೇ ಭಾಗದ ಅರ್ಧ ಕಥೆ ನಡೆಯುವುದು ಅದೇ ದಿನ.

ಕೊನೆಯಲ್ಲಿ ಡಾಕ್ ಹಾರುವ ಕಾರಿನಲ್ಲಿ ಬಂದು, ನಿಮ್ಮ ಮಕ್ಕಳಿಗೆ ಕಷ್ಟ ಬಂದಿದೆ ಎಂದು ಮಾರ್ಟಿಯನ್ನೂ ಅವನ ಗೆಳತಿ ಜೆನ್ನಿಫರಳನ್ನೂ ಭವಿಷ್ಯಕ್ಕೆ ಕರೆದೊಯ್ಯುತ್ತಾನೆ. ಮುಂದಿನ ಭಾಗದ ಯೋಜನೆಯಿಟ್ಟುಕೊಂಡು ಬರೆದ ಕೊನೆ ಅದಲ್ಲ, ನಗಿಸುವುದಕ್ಕೆ ಬರೆದದ್ದು. ಸಿನಿಮಾ ದೊಡ್ಡ ಹಿಟ್ ಆದಮೇಲೆ ಮುಂದುವರಿಸಲೇಬೇಕಾಯಿತು. ಎರಡನೇ ಭಾಗ 1989ರ ನವೆಂಬರ್ 22ಕ್ಕೆ, ಮೂರನೆಯದು 1990ರ ಮೇ 25ಕ್ಕೆ ಬಂತು, ಎರಡನ್ನೂ ಬೆನ್ನುಬೆನ್ನಿಗೆ ಚಿತ್ರೀಕರಿಸಿದ್ದರು.

ಈಗ ಕಾಲಗಳು. ಈ ಕಾರು ವರ್ಷ ಬದಲಿಸುತ್ತದೆ, ಜಾಗ ಬದಲಿಸುವುದಿಲ್ಲ. ಎಲ್ಲಿ ನಿಂತು ಹೊರಟಿರೋ ಅಲ್ಲೇ ಇಳಿಯುತ್ತೀರಿ. ಹಾಗಾಗಿ ಹಿಲ್ ವ್ಯಾಲಿಯ ಒಂದೇ ಚೌಕವನ್ನು ನಾವು ಬೇರೆ ಬೇರೆ ವೇಷದಲ್ಲಿ ನೋಡುತ್ತೇವೆ. ಮೂರು ಭಾಗ ಸೇರಿ 1885, 1955, 1985, 2015. ಇವು ಸುಮ್ನೆ ಅಂಕಿಗಳಾಗಿ ತಲೆಯಲ್ಲಿ ನಿಲ್ಲುವುದಿಲ್ಲ. ನಾನು ಮಾಡುವುದೇನೆಂದರೆ, ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ, ಸದಾಶಿವಗಡದ ಎದುರು ನಿಂತುಕೊಂಡಿದ್ದೇನೆ ಅಂದುಕೊಂಡು ವರ್ಷ ತಿರುಗಿಸುವುದು. 1885ರಲ್ಲಿ ಇದು ಮುಂಬೈ ಪ್ರೆಸಿಡೆನ್ಸಿಯ ಊರು, ನದಿ ದಾಟಲು ದೋಣಿಯೇ ಗತಿ. 1955ರ ನವೆಂಬರ್ 12ಕ್ಕೆ ಬಂದರೂ ನಾವು ಇನ್ನೂ ಮುಂಬೈ ರಾಜ್ಯದಲ್ಲೇ ಇದ್ದೇವೆ, ಮೈಸೂರು ರಾಜ್ಯ ಸೇರುವುದಕ್ಕೆ ಒಂದು ವರ್ಷ ಬಾಕಿ, ಸ್ವಲ್ಪ ಉತ್ತರಕ್ಕೆ ಹೋದರೆ ಗೋವಾ ಇನ್ನೂ ಪೋರ್ಚುಗೀಸರದ್ದು. 1985ರಲ್ಲಿ ನದಿಗೆ ಸೇತುವೆ ಬಂದಿದೆ, ಕೊಂಕಣ ರೈಲ್ವೆ ಬಂದಿಲ್ಲ, ಅದು ಪೂರ್ತಿಯಾಗುವುದಕ್ಕೆ 1998ರವರೆಗೆ ಕಾಯಬೇಕು. 2015ರಲ್ಲಿ ಸೇತುವೆಯೂ ಇದೆ, ರೈಲೂ ಇದೆ, ದಕ್ಷಿಣಕ್ಕೆ ಹೋದರೆ ನೌಕಾನೆಲೆಯೂ ಇದೆ. ಜಾಗ ಅದೇ, ನದಿ ಅದೇ. ಸಿನಿಮಾದ ಮೂವತ್ತು ಮೂವತ್ತು ವರ್ಷದ ಜಿಗಿತ ಎಷ್ಟು ದೊಡ್ಡದು ಅಂತ ನನಗೆ ಮನಸ್ಸಿಗೆ ಇಳಿದದ್ದು ಹೀಗೆ ಯೋಚಿಸಿದಮೇಲೆ.

ಸರಿ, ಪುಸ್ತಕಕ್ಕೆ ಬರೋಣ.

1985ರ ಅಕ್ಟೋಬರ್ 26ರಂದು ಹೊರಟವರು ಇಳಿಯುವುದು 2015ರ ಅಕ್ಟೋಬರ್ 21ಕ್ಕೆ. ಅಲ್ಲಿ ಮಾರ್ಟಿ ತನ್ನ ಮಗ ಜೈಲಿಗೆ ಹೋಗುವುದನ್ನು ತಪ್ಪಿಸುತ್ತಾನೆ, ಗಾಳಿಯಲ್ಲಿ ತೇಲುವ ಹಲಗೆಯ ಮೇಲೆ ಆ ಬೆನ್ನಟ್ಟುವ ದೃಶ್ಯವೂ ಆಗುತ್ತದೆ. ಎಲ್ಲರೂ ಆ ಹಲಗೆಯನ್ನೇ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಅದಾದಮೇಲೆ ಮಾರ್ಟಿ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಪುಸ್ತಕ ಕೊಳ್ಳುತ್ತಾನೆ. 1950ರಿಂದ 2000ದವರೆಗಿನ ಆಟಗಳ ಫಲಿತಾಂಶ ಇರುವ ಅಲ್ಮನಾಕ್. ವಾಪಸ್ ಹೋಗಿ ಒಂದಿಷ್ಟು ಬಾಜಿ ಕಟ್ಟಿ ದುಡ್ಡು ಮಾಡೋಣ ಅನ್ನುವ ಸಣ್ಣ ಆಸೆ. ಡಾಕ್ ಬೈದು ಅದನ್ನು ಕಸಕ್ಕೆ ಹಾಕುತ್ತಾನೆ. ಇದನ್ನೆಲ್ಲ ಮರೆಯಲ್ಲಿ ನಿಂತು ಕೇಳಿಸಿಕೊಂಡ ಮುದುಕ ಬಿಫ್ ಟ್ಯಾನನ್, ಮೊದಲ ಭಾಗದಲ್ಲಿ ಮಾರ್ಟಿಯ ಅಪ್ಪನನ್ನು ಕಾಡುತ್ತಿದ್ದವನು, ಪುಸ್ತಕ ಎತ್ತಿಕೊಳ್ಳುತ್ತಾನೆ. ಡಾಕ್ ಮತ್ತು ಮಾರ್ಟಿ ಜೆನ್ನಿಫರಳನ್ನು ಹುಡುಕಲು ಹೋದಾಗ ಕಾರನ್ನೂ ಕದಿಯುತ್ತಾನೆ, 1955ರ ನವೆಂಬರ್ 12ಕ್ಕೆ ಹೋಗಿ ಪುಸ್ತಕವನ್ನು ಹದಿಹರೆಯದ ತನಗೇ ಕೊಡುತ್ತಾನೆ. ವಾಪಸ್ ಬಂದು ಕಾರನ್ನು ಇದ್ದಲ್ಲೇ ಇಟ್ಟು ಹೋಗುತ್ತಾನೆ.

ಪುಸ್ತಕ ಈಗ ಎಲ್ಲಿದೆ? 1955ರಲ್ಲಿ, ಹುಡುಗ ಬಿಫ್‌ನ ಕೈಯಲ್ಲಿ. ಸಿನಿಮಾದ ಎಲ್ಲಕ್ಕಿಂತ ದೊಡ್ಡ ಘಟನೆ ಆಗಿಹೋಯಿತು, ನಾಯಕರಿಗೆ ಅದರ ಸುಳಿವೂ ಇಲ್ಲ. ಅವರು ಕಾರು ಹತ್ತಿ 1985ಕ್ಕೆ ಹೋಗುತ್ತಾರೆ, ಮಲಗಿರುವ ಜೆನ್ನಿಫರಳನ್ನು ಅವಳ ಮನೆ ಜಗಲಿಯಲ್ಲಿ ಬಿಡುತ್ತಾರೆ, ಆಮೇಲೆ ಮಾರ್ಟಿಗೆ ಒಂದೊಂದೇ ಸರಿಯಿಲ್ಲ ಅನ್ನಿಸತೊಡಗುತ್ತದೆ. ಅವನ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಶಾಲೆ ಸುಟ್ಟುಹೋಗಿದೆ. ಚೌಕದಲ್ಲಿ ಬಿಫ್‌ನ ದೊಡ್ಡ ಕ್ಯಾಸಿನೊ ಎದ್ದಿದೆ. 21ನೇ ಹುಟ್ಟುಹಬ್ಬದಂದು ಕುದುರೆ ರೇಸಿನಲ್ಲಿ ಗೆದ್ದವನು ಅಲ್ಲಿಂದ ಸೋತೇ ಇಲ್ಲ, ಏಕೆಂದರೆ ಉತ್ತರಗಳೆಲ್ಲ ಅವನ ಜೇಬಿನಲ್ಲಿವೆ. ಮಾರ್ಟಿಯ ಅಪ್ಪ ಜಾರ್ಜ್ 1973ರ ಮಾರ್ಚ್ 15ರಂದು ಕೊಲೆಯಾಗಿದ್ದಾನೆ. ಅಮ್ಮ ಲೊರೇನ್ ಬಿಫ್‌ನನ್ನೇ ಮದುವೆಯಾಗಿ ನರಳುತ್ತಿದ್ದಾಳೆ. ಡಾಕ್‌ನನ್ನು 1983ರಲ್ಲಿ ಹುಚ್ಚಾಸ್ಪತ್ರೆಗೆ ಸೇರಿಸಿದ್ದಾರೆ.

ಅಪ್ಪನ ಸಮಾಧಿ ಕಲ್ಲಿನ ಮುಂದೆ ಮಾರ್ಟಿ ಕುಸಿಯುವ ದೃಶ್ಯ ಎಷ್ಟು ಸಲ ನೋಡಿದರೂ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಮೊದಲ ಭಾಗದಲ್ಲಿ ಅವನು ಪಟ್ಟ ಶ್ರಮವೆಲ್ಲ ಆ ಅಪ್ಪನಿಗೆ ಧೈರ್ಯ ಬರಲಿ ಅಂತಲೇ ಅಲ್ವಾ? ಒಂದು ಸಣ್ಣ ಆಸೆಗೆ ಕೊಂಡ ಪುಸ್ತಕ ಅಷ್ಟನ್ನೂ ಅಳಿಸಿಹಾಕಿತು.

ಇಲ್ಲೇ ಡಾಕ್ ಕಪ್ಪು ಹಲಗೆಯ ಮೇಲೆ ಒಂದು ಗೆರೆ ಎಳೆಯುತ್ತಾನೆ. ಎಡಕ್ಕೆ ಹಿಂದಿನ ಕಾಲ, ನಡುವೆ ವರ್ತಮಾನ, ಬಲಕ್ಕೆ ಮುಂದಿನ ಕಾಲ. ನಡುವಿಗಿಂತ ಹಿಂದೆ, 1955ರ ಹತ್ತಿರ, ಗೆರೆ ಕೆಳಗೆ ತಿರುಗಿ ಬೇರೆ ದಾರಿ ಹಿಡಿಯುತ್ತದೆ. ನಾವು ಈಗ ನಿಂತಿರುವುದು ಆ ಕೆಳಗಿನ ಗೆರೆಯ 1985ರಲ್ಲಿ. ಮಾರ್ಟಿ ಕೇಳುತ್ತಾನೆ, ಹಾಗಾದರೆ 2015ಕ್ಕೆ ಹೋಗಿ ಮುದುಕ ಬಿಫ್ ಕಾರು ಕದಿಯದ ಹಾಗೆ ತಡೆದರಾಯಿತಲ್ಲ? ಆಗುವುದಿಲ್ಲ. ಕೆಳಗಿನ ಗೆರೆಯಿಂದ ಮುಂದೆ ಹೋದರೆ ಸಿಗುವುದು ಕೆಳಗಿನ ಗೆರೆಯ 2015. ಅಲ್ಲಿ ಬಿಫ್ ಆಗಲೇ ಶ್ರೀಮಂತ, ಆ ಅಂಗಡಿ ಇದೆಯೋ ಇಲ್ಲವೋ, ಆ ಕಳ್ಳತನ ನಡೆಯುವ 2015ಕ್ಕೆ ದಾರಿಯೇ ಇಲ್ಲ. ಗೆರೆ ಎಲ್ಲಿ ತಿರುಗಿತೋ ಅಲ್ಲಿಗೇ ಹೋಗಬೇಕು. ಅಂದರೆ ಪುಸ್ತಕ ಕೈ ಬದಲಾಯಿಸಿದ ದಿನಕ್ಕೆ.

ಈ ಒಂದು ಹಲಗೆಯ ದೃಶ್ಯ ತೀರಾ ಚಿಕ್ಕದು. ಎಷ್ಟೋ ಸಿನಿಮಾಗಳು ಅರ್ಧ ಗಂಟೆ ಮಾತಾಡಿ ಕೂಡ ಇಷ್ಟು ಸ್ವಚ್ಛವಾಗಿ ಹೇಳಿಲ್ಲ.

ಆದರೆ ಆ ಚಿತ್ರವೇ ಒಂದು ಗೊಂದಲ ಹುಟ್ಟಿಸುತ್ತದೆ, ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹಿಂದಿನ ಕಾಲಕ್ಕೆ ಹೋಗುವ ಕಥೆಗಳಲ್ಲಿ ಸಾಮಾನ್ಯವಾಗಿ ಮೂರು ಬಗೆ. ಒಂದರಲ್ಲಿ ಏನೂ ಬದಲಾಗುವುದಿಲ್ಲ, ನೀವು ಹಿಂದೆ ಹೋಗಿ ಏನು ಮಾಡಿದರೂ ಅದು ಮೊದಲೇ ಆಗಿಹೋದ ಇತಿಹಾಸದ ಭಾಗ. ಇನ್ನೊಂದರಲ್ಲಿ ಇರುವುದು ಒಂದೇ ಗೆರೆ, ಬದಲಾಯಿಸಿದರೆ ಹಳೆಯದು ಅಳಿಸಿ ಹೊಸದು ಮೂಡುತ್ತದೆ. ಮೂರನೆಯದರಲ್ಲಿ ಕವಲು, ಹಳೆ ಲೋಕವೂ ಉಳಿಯುತ್ತದೆ, ಪಕ್ಕದಲ್ಲಿ ಹೊಸ ಲೋಕವೂ ಹುಟ್ಟುತ್ತದೆ. ಡಾಕ್‌ನ ಗೆರೆ ನೋಡಿದರೆ ಕವಲಿನ ಹಾಗೆ ಕಾಣುತ್ತದೆ. ಹಾಗಾಗಿ ಬಹಳ ಜನ ಇದು ಮೂರನೇ ಬಗೆ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅಲ್ಲ, ಇದು ಖಂಡಿತ ಎರಡನೇ ಬಗೆ. ಅದಕ್ಕೆ ಸಾಕ್ಷಿ ಜಗಲಿಯಲ್ಲಿ ಮಲಗಿದ ಜೆನ್ನಿಫರ್. ಅವಳನ್ನು ಈ ಕೆಟ್ಟ 1985ರಲ್ಲಿ ಬಿಟ್ಟು ಹೋಗುವುದು ಹೇಗೆ ಎಂದು ಮಾರ್ಟಿ ಕೇಳಿದಾಗ, ನಾವು 1955ರಲ್ಲಿ ಸರಿ ಮಾಡಿದರೆ ಅವಳ ಸುತ್ತಲಿನ ಲೋಕ ತಾನಾಗಿ ಸರಿಯಾಗುತ್ತದೆ ಎಂದು ಡಾಕ್ ಹೇಳುತ್ತಾನೆ. ಕವಲು ಲೋಕವಾಗಿದ್ದರೆ ಅವಳು ಅಲ್ಲೇ ಸಿಕ್ಕಿಬೀಳಬೇಕಿತ್ತು.

ಒಂದೇ ಗೆರೆ ಅಂದಕೂಡಲೇ ಹಳೆಯ ತಕರಾರು ಎದ್ದು ನಿಲ್ಲುತ್ತದೆ. ಕಾಳಿಯ ಆ ಹಳೆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಒಂದು ಲಾರಿ ನೀರಿಗೆ ಬಿತ್ತು, ಚಾಲಕ ಬದುಕಿ ಬಂದ. ಈಗ ನಾನು ಆ ಸುದ್ದಿ ಓದಿ, ಹಿಂದಿನ ಸಂಜೆಗೆ ಹೋಗಿ, ಲಾರಿಯನ್ನು ದಾರಿಯಲ್ಲೇ ನಿಲ್ಲಿಸಿದೆ ಅಂದುಕೊಳ್ಳಿ. ಲಾರಿ ಬೀಳಲಿಲ್ಲ. ಹಾಗಾದರೆ ಲಾರಿ ಬಿದ್ದ ಸುದ್ದಿಯೂ ಬರಲಿಲ್ಲ. ನಾನು ಓದಲಿಲ್ಲ. ಓದದಿದ್ದರೆ ಹಿಂದಕ್ಕೆ ಹೋಗುವುದು ಯಾಕೆ? ಹೋಗದಿದ್ದರೆ ಲಾರಿ ನಿಲ್ಲಿಸಿದ್ದು ಯಾರು? ಇದು ಸುತ್ತು ಹೊಡೆಯುತ್ತಲೇ ಇರುತ್ತದೆ. ತತ್ವಶಾಸ್ತ್ರದಲ್ಲೂ ಭೌತಶಾಸ್ತ್ರದಲ್ಲೂ ಇದಕ್ಕೆ ಅಜ್ಜನ ವಿರೋಧಾಭಾಸ ಅಂತ ಹೆಸರು, ಹಿಂದೆ ಹೋಗಿ ಸ್ವಂತ ಅಜ್ಜನನ್ನೇ ಕೊಂದರೆ ಕೊಂದವನು ಹುಟ್ಟುವುದು ಹೇಗೆ ಅನ್ನುವ ಪ್ರಶ್ನೆಯಿಂದ ಬಂದದ್ದು.

ಜೆಮೆಕಿಸ್ ಮತ್ತು ಗೇಲ್ ಇದನ್ನು ಎರಡು ಉಪಾಯದಿಂದ ದಾಟುತ್ತಾರೆ. ಪ್ರಯಾಣ ಮಾಡಿದವನ ನೆನಪು ಅಳಿಯುವುದಿಲ್ಲ, ಸುತ್ತಲಿನ ಲೋಕ ಮಾತ್ರ ಬದಲಾಗುತ್ತದೆ. ಮೊದಲ ಭಾಗದ ಕೊನೆಯಲ್ಲಿ ಮಾರ್ಟಿಯ ಮನೆಯವರೆಲ್ಲ ಬದಲಾಗಿದ್ದರೂ ಅವನಿಗೆ ಹಳೆಯ ಸೋತ ಅಪ್ಪನ ನೆನಪೇ ಇರುತ್ತದೆ, ಗಮನಿಸಿ. ಇನ್ನೊಂದು, ಬದಲಾವಣೆ ತಕ್ಷಣ ಬಡಿಯುವುದಿಲ್ಲ. ನಿಧಾನವಾಗಿ ಹರಡುತ್ತದೆ. ಮೊದಲ ಭಾಗದಲ್ಲಿ ಮಾರ್ಟಿಯ ಜೇಬಿನ ಫೋಟೊದಲ್ಲಿ ಮೊದಲು ಅಣ್ಣನ ತಲೆ ಮಾಯವಾಗುತ್ತದೆ, ಆಮೇಲೆ ಮೈ, ಆಮೇಲೆ ಅಕ್ಕ, ಕೊನೆಗೆ ಮಾರ್ಟಿಯ ಸರದಿ. ಒಂದು ವಾರ ಹಿಡಿಯುತ್ತದೆ. ಈ ನಿಧಾನವೇ ಕಥೆಗೆ ಉಸಿರು. ಬದಲಾವಣೆ ಕ್ಷಣದಲ್ಲಿ ಆಗುವುದಾದರೆ ಸರಿಪಡಿಸಲು ಯಾರಿಗೂ ಸಮಯವೇ ಸಿಗುತ್ತಿರಲಿಲ್ಲ.

ಈಗ ಆ ಮೊದಲಿನ ಪ್ರಶ್ನೆ, ಅಜ್ಜ ಬಿಫ್ ವಾಪಸ್ ಬಂದದ್ದು ಹೇಗೆ. ಮುದುಕ ಬಿಫ್ 1955ರಲ್ಲಿ ಪುಸ್ತಕ ಕೊಟ್ಟ ಕ್ಷಣ ಇತಿಹಾಸ ತಿರುಗಿತು. ಹಾಗಿದ್ದರೆ ಅವನು ಮುಂದಕ್ಕೆ ಬಂದಾಗ ಕೆಟ್ಟ 2015ಕ್ಕೆ ಇಳಿಯಬೇಕಿತ್ತು, ಡಾಕ್ ಹೇಳಿದ ನಿಯಮವೇ ಅದು. ಆದರೆ ಅವನು ಬರುವುದು ಹಳೆಯ 2015ಕ್ಕೇ, ಡಾಕ್ ಮತ್ತು ಮಾರ್ಟಿ ಇರುವಲ್ಲಿಗೇ. ಇದು ತಪ್ಪು ಅಂತ ಎಷ್ಟೋ ಜನ ಬೆರಳು ತೋರಿಸುತ್ತಾರೆ. ನಾನು ಇದನ್ನು ಆ ನಿಧಾನದ ನಿಯಮದಿಂದಲೇ ನೋಡುತ್ತೇನೆ. ಅವನು ತಕ್ಷಣ ವಾಪಸಾದ, ಬದಲಾವಣೆಯ ಅಲೆ ಇನ್ನೂ 2015ನ್ನು ಮುಟ್ಟಿಲ್ಲ. ಅವನು ಕಾರಿನಿಂದ ಇಳಿಯುವಾಗ ಎದೆ ಹಿಡಿದು ನರಳುತ್ತಾನೆ, ಊರುಗೋಲು ಸಿಕ್ಕಿ ಮುರಿಯುತ್ತದೆ, ತೂರಾಡುತ್ತ ಮರೆಗೆ ಹೋಗುತ್ತಾನೆ. ಯಾಕೆ ಅಂತ ಸಿನಿಮಾ ಹೇಳುವುದಿಲ್ಲ. ಚಿತ್ರೀಕರಿಸಿ ಕೊನೆಗೆ ಕತ್ತರಿಸಿದ ಒಂದು ತುಣುಕಿನಲ್ಲಿ ಅವನು ಮರೆಯಲ್ಲಿ ಬಿದ್ದು ಪೂರ್ತಿ ಮಾಯವಾಗುತ್ತಾನೆ. ಅಂದರೆ ಅವನು ಬದಲಾಯಿಸಿದ ಇತಿಹಾಸದಲ್ಲಿ 2015ರ ಹೊತ್ತಿಗೆ ಅವನೇ ಬದುಕಿಲ್ಲ. ಅಲೆ ಅವನನ್ನು ಮೊದಲು ಮುಟ್ಟಿತು. ಆ ತುಣುಕು ಉಳಿಸಿಕೊಂಡಿದ್ದರೆ ಇಷ್ಟು ವರ್ಷದ ಚರ್ಚೆ ಇರುತ್ತಿರಲಿಲ್ಲ, ಅದನ್ನು ತೆಗೆದದ್ದು ನನಗೆ ಇವತ್ತಿಗೂ ಬೇಸರ. ಆ ಮುರಿದ ಊರುಗೋಲಿನ ತುದಿ ಮಾತ್ರ ಕಾರಿನಲ್ಲೇ ಉಳಿಯುತ್ತದೆ, ಅದರಿಂದಲೇ ಡಾಕ್‌ಗೆ ನಡೆದದ್ದು ಗೊತ್ತಾಗುತ್ತದೆ.

ಇನ್ನು 1955. ನಾನು ಈ ಸಿನಿಮಾವನ್ನು ಪ್ರೀತಿಸುವುದೇ ಈ ಭಾಗಕ್ಕಾಗಿ. ಮುಂದುವರಿದ ಭಾಗ ಮೊದಲ ಭಾಗದ ಒಳಗೇ ನುಗ್ಗುತ್ತದೆ. ಶಾಲೆಯ ಡಾನ್ಸ್ ನಡೆಯುತ್ತಿದೆ, ಮೊದಲ ಮಾರ್ಟಿ ಅಪ್ಪ ಅಮ್ಮನನ್ನು ಸೇರಿಸುವ ಒದ್ದಾಟದಲ್ಲಿದ್ದಾನೆ, ಅದೇ ಹೊತ್ತಿಗೆ ಎರಡನೇ ಮಾರ್ಟಿ ಪುಸ್ತಕದ ಹಿಂದೆ ಬಿದ್ದಿದ್ದಾನೆ. ಬಯಲಾಟವನ್ನು ಒಂದು ರಾತ್ರಿ ರಂಗದ ಎದುರು ಚಾಪೆ ಹಾಸಿಕೊಂಡು ನೋಡಿದವನು, ಮರುದಿನ ಅದೇ ಮೇಳದ ಅದೇ ಪ್ರಸಂಗವನ್ನು ಚೌಕಿಯಲ್ಲಿ ನಿಂತು ನೋಡಿದ ಹಾಗೆ. ನಿನ್ನೆ ನೋಡಿದ ಪ್ರವೇಶವೇ, ಅದೇ ಭಾಗವತಿಕೆ, ಆದರೆ ಈಗ ಕಿರೀಟ ಬಿಗಿಯುವವನು, ಚಹಾ ತರುವವನು, ತನ್ನ ಸರದಿಗೆ ಕಾಯುವ ವೇಷಧಾರಿ ಎಲ್ಲ ಕಾಣುತ್ತಾರೆ. ರಂಗದಲ್ಲಿ ಏನೂ ತಪ್ಪಬಾರದು ಅನ್ನುವ ಆತಂಕ ಚೌಕಿಯವನಿಗೆ ಮಾತ್ರ ಗೊತ್ತು. ಎರಡನೇ ಮಾರ್ಟಿಯ ಸ್ಥಿತಿ ಅದೇ. ಮೊದಲ ಮಾರ್ಟಿ ವೇದಿಕೆಯಲ್ಲಿ ಗಿಟಾರ್ ನುಡಿಸುತ್ತಿದ್ದಾನೆ, ಬಿಫ್‌ನ ಬಂಟರು ಅವನ ಮೇಲೆ ಬೀಳಲು ಹೊಂಚು ಹಾಕಿದ್ದಾರೆ, ಎರಡನೇ ಮಾರ್ಟಿ ಮೇಲಿನ ಅಟ್ಟದಿಂದ ಮರಳಿನ ಚೀಲ ಬೀಳಿಸಿ ಅವರನ್ನು ಮಲಗಿಸುತ್ತಾನೆ. ಮೊದಲ ಚಿತ್ರದಲ್ಲಿ ಆ ಹಾಡು ಯಾವ ಅಡ್ಡಿಯಿಲ್ಲದೆ ಮುಗಿದಿತ್ತು. ಯಾಕೆ ಅಡ್ಡಿಯಾಗಲಿಲ್ಲ ಅನ್ನುವುದಕ್ಕೆ ನಾಲ್ಕು ವರ್ಷ ಕಳೆದಮೇಲೆ ಕಾರಣ ಸಿಕ್ಕಿತು!

ಇಲ್ಲಿ ಪುಸ್ತಕದ ಓಟ ನೋಡಿ. ಮುದುಕ ಬಿಫ್ ಹುಡುಗ ಬಿಫ್‌ಗೆ ಕೊಟ್ಟ, ನಂಬಲಿ ಅಂತ ರೇಡಿಯೊದಲ್ಲಿ ಬರುತ್ತಿದ್ದ ಫುಟ್‌ಬಾಲ್ ಪಂದ್ಯದ ಫಲಿತಾಂಶ ಮೊದಲೇ ಹೇಳಿ ತೋರಿಸಿದ. ಶಾಲೆಯಲ್ಲಿ ಸ್ಟ್ರಿಕ್ಲೆಂಡ್ ಮಾಸ್ತರು ಅದನ್ನು ಕಿತ್ತುಕೊಂಡರು. ಮಾರ್ಟಿ ಕಷ್ಟಪಟ್ಟು ಕಸದ ಬುಟ್ಟಿಯಿಂದ ಎತ್ತಿದರೆ, ಹೊರಗಿನ ರಟ್ಟು ಮಾತ್ರ ಅಲ್ಮನಾಕಿನದು, ಒಳಗಿರುವುದು ಪೋಲಿ ಪತ್ರಿಕೆ. ನಿಜವಾದದ್ದು ಬಿಫ್‌ನ ಹತ್ತಿರವೇ ಇತ್ತು. ಅಪ್ಪ ಜಾರ್ಜ್ ಬಿಫ್‌ಗೆ ಆ ಪ್ರಸಿದ್ಧ ಗುದ್ದು ಕೊಟ್ಟು ಮಲಗಿಸಿದಾಗ ಮಾರ್ಟಿ ಅವನ ಜೇಬಿನಿಂದ ಎಳೆದುಕೊಂಡ. ಸಿಕ್ಕಿತಲ್ಲ ಅಂದುಕೊಳ್ಳುವಷ್ಟರಲ್ಲಿ ಬಿಫ್ ಅವನನ್ನು ಹೇಡಿ ಅಂತ ಕೆಣಕಿದ, ಮಾರ್ಟಿ ತಿರುಗಿ ನಿಂತ, ಪುಸ್ತಕ ಮತ್ತೆ ಹೋಯಿತು. ಕೊನೆಗೆ ಸುರಂಗದಲ್ಲಿ ಬಿಫ್‌ನ ಕಾರಿನ ಪಕ್ಕ ತೇಲುವ ಹಲಗೆ, ಸಿಕ್ಕಿತು. ಬಿಫ್‌ನ ಕಾರು ಮೊದಲ ಭಾಗದ ಹಾಗೇ ಮತ್ತೆ ಗೊಬ್ಬರದ ಲಾರಿಗೆ.

ಮಾರ್ಟಿ ಪುಸ್ತಕವನ್ನು ಸುಡುತ್ತಾನೆ. ಸುಡುವುದು ಬಿಫ್‌ನ ಕ್ಯಾಸಿನೊದಿಂದ ತಂದ ಬೆಂಕಿಪೊಟ್ಟಣದಿಂದಲೇ. ಬೆಂಕಿ ಹತ್ತಿದಂತೆ ಪೊಟ್ಟಣದ ಮೇಲಿನ ಕ್ಯಾಸಿನೊ ಹೆಸರು ಅಳಿಸಿ ಕಾರು ತೊಳೆಯುವ ಅಂಗಡಿಯ ಹೆಸರು ಮೂಡುತ್ತದೆ. ಜಾರ್ಜ್ ಕೊಲೆಯಾದ ಎಂದಿದ್ದ ಪತ್ರಿಕೆಯಲ್ಲಿ ಈಗ ಜಾರ್ಜ್‌ಗೆ ಸನ್ಮಾನದ ಸುದ್ದಿ. ಕೆಳಗಿನ ಗೆರೆ ಇಲ್ಲವಾಯಿತು ಅನ್ನುವುದನ್ನು ಒಂದು ಮಾತೂ ಇಲ್ಲದೆ, ಎರಡು ಕಾಗದದ ತುಂಡುಗಳಿಂದ ತೋರಿಸುತ್ತಾರೆ. ಇಂಥ ಜಾಗದಲ್ಲಿ ನನಗೆ ಎದ್ದು ಚಪ್ಪಾಳೆ ಹೊಡೆಯಬೇಕು ಅನ್ನಿಸುತ್ತದೆ.

ಆಮೇಲಿನ ಐದು ನಿಮಿಷ ಬೇರೆಯೇ ಮಟ್ಟ. ಗಾಳಿಯಲ್ಲಿದ್ದ ಕಾರಿಗೆ ಸಿಡಿಲು ಬಡಿದು ಡಾಕ್ ಮಾಯವಾಗುತ್ತಾನೆ. ಮಳೆಯಲ್ಲಿ ಒಬ್ಬನೇ ನಿಂತ ಮಾರ್ಟಿಯ ಹತ್ತಿರ ವೆಸ್ಟರ್ನ್ ಯೂನಿಯನ್ ಎಂಬ ತಂತಿ ಕಂಪನಿಯವನೊಬ್ಬ ಬಂದು ಕಾಗದ ಕೊಡುತ್ತಾನೆ, ಎಪ್ಪತ್ತು ವರ್ಷದಿಂದ ಕಂಪನಿಯಲ್ಲಿ ಕಾದಿಟ್ಟ ಕಾಗದ. ಡಾಕ್ 1885ರಿಂದ ಬರೆದದ್ದು. ಮಾರ್ಟಿ ಗೋಪುರದ ಕಡೆ ಓಡುತ್ತಾನೆ. ಅಲ್ಲಿ 1955ರ ಡಾಕ್ ಆಗತಾನೇ ಮೊದಲ ಮಾರ್ಟಿಯನ್ನು 1985ಕ್ಕೆ ಕಳಿಸಿ ಕುಣಿಯುತ್ತಿದ್ದಾನೆ, ಹಿಂದಿನಿಂದ ಬಂದು ಹೆಗಲು ಮುಟ್ಟಿದ ಇನ್ನೊಬ್ಬ ಮಾರ್ಟಿಯನ್ನು ನೋಡಿ ಮೂರ್ಛೆ ಹೋಗುತ್ತಾನೆ. ಡಾಕ್ ಪಾತ್ರದ ಕ್ರಿಸ್ಟೊಫರ್ ಲಾಯ್ಡ್‌ನ ಆ ಮುಖ ನೋಡಲೇಬೇಕು.

ಅಭಿಮಾನಿಗಳು ಲೆಕ್ಕ ಹಾಕುವ ಒಂದು ವಿಷಯ: ಆ ಒಂದೇ ದಿನ ಹಿಲ್ ವ್ಯಾಲಿಯಲ್ಲಿ ಎಷ್ಟು ಡೆಲೋರಿಯನ್‌ಗಳಿದ್ದವು? ಸಿಡಿಲಿಗೆ ಕಾಯುತ್ತಿದ್ದ ಮೊದಲ ಚಿತ್ರದ ಕಾರು. ಮುದುಕ ಬಿಫ್ ತಂದದ್ದು. ಡಾಕ್ ಮತ್ತು ಮಾರ್ಟಿ ಹಾರಿಸಿಕೊಂಡು ಬಂದದ್ದು. ಮೂರನೇ ಭಾಗ ನೋಡಿದವರಿಗೆ ನಾಲ್ಕನೆಯದೂ ಗೊತ್ತು, 1885ರಲ್ಲಿ ಡಾಕ್ ಗಣಿಯೊಳಗೆ ಹೂತಿಟ್ಟದ್ದು. ನಾಲ್ಕೂ ಒಂದೇ ಕಾರು, ತನ್ನ ಆಯುಷ್ಯದ ಬೇರೆ ಬೇರೆ ಹಂತದಲ್ಲಿ.

ತಾಂತ್ರಿಕವಾಗಿ ಇದೆಲ್ಲ ಕಂಪ್ಯೂಟರ್ ಗ್ರಾಫಿಕ್ಸ್ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದ್ದು. ಮಾರ್ಟಿ, ಅವನ ಮಗ, ಮಗಳು ಮೂವರೂ ಮೈಕಲ್ ಜೆ. ಫಾಕ್ಸ್. 2015ರ ಊಟದ ಮೇಜಿನಲ್ಲಿ ಮೂರು ಪಾತ್ರಗಳೂ ಒಟ್ಟಿಗೆ ಇರುತ್ತವೆ. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಎಂಬ ಸ್ಪೆಷಲ್ ಎಫೆಕ್ಟ್ಸ್ ಕಂಪನಿಯವರು ಇದಕ್ಕಾಗಿ ವಿಸ್ಟಾಗ್ಲೈಡ್ ಎಂಬ ಕ್ಯಾಮೆರಾ ವ್ಯವಸ್ಥೆ ಮಾಡಿದರು. ಕ್ಯಾಮೆರಾ ಒಂದೇ ಚಲನೆಯನ್ನು ಪ್ರತಿ ಸಲ ಚಾಚೂ ತಪ್ಪದೆ ಮಾಡುತ್ತದೆ, ನಟ ಪ್ರತಿ ಸಲ ಬೇರೆ ವೇಷದಲ್ಲಿ ಬಂದು ಕೂರುತ್ತಾನೆ, ಆಮೇಲೆ ಎಲ್ಲವನ್ನೂ ಒಂದು ಮಾಡುತ್ತಾರೆ. ಅದಕ್ಕೂ ಮೊದಲು ಇಂಥ ದೃಶ್ಯಗಳಲ್ಲಿ ಸಾಮಾನ್ಯವಾಗಿ ಕ್ಯಾಮೆರಾ ಅಲುಗಾಡದೆ ನಿಲ್ಲಬೇಕಿತ್ತು.

ಸಿನಿಮಾ ಮೆಚ್ಚಿದೆ ಅಂತ ಎಲ್ಲವನ್ನೂ ಒಪ್ಪುವುದಿಲ್ಲ. ಜೆನ್ನಿಫರಳಿಗೆ ನ್ಯಾಯ ಸಿಕ್ಕಿಲ್ಲ. ಮೊದಲ ಭಾಗದ ಕೊನೆಯಲ್ಲಿ ಅವಳನ್ನು ಕಾರು ಹತ್ತಿಸಿದ್ದರಿಂದ ಇಲ್ಲಿ ಕಥೆಯಲ್ಲಿ ಅವಳಿಗೆ ಜಾಗ ಸಿಗಲಿಲ್ಲ, ನಿದ್ದೆ ಬರಿಸಿ ಮಲಗಿಸಿಬಿಟ್ಟರು. ಕ್ಲಾಡಿಯಾ ವೆಲ್ಸ್ ಬದಲು ಬಂದ ಎಲಿಜಬೆತ್ ಶೂ ಒಳ್ಳೆಯ ನಟಿ, ಮಾಡಲು ಏನೂ ಇಲ್ಲ. ಇನ್ನೊಂದು ಇನ್ನೂ ಗಂಭೀರ. ಜಾರ್ಜ್ ಪಾತ್ರ ಮಾಡಿದ ಕ್ರಿಸ್ಪಿನ್ ಗ್ಲೋವರ್ ಎರಡನೇ ಭಾಗಕ್ಕೆ ಬರಲಿಲ್ಲ. ಜೆಫ್ರಿ ವೈಸ್‌ಮನ್ ಎಂಬ ನಟನಿಗೆ ಗ್ಲೋವರ್ ಹಾಗೆ ಕಾಣುವ ಮೇಕಪ್ ಹಾಕಿ, 2015ರಲ್ಲಿ ತಲೆಕೆಳಗಾಗಿ ತೂಗಿಸಿ, ಜೊತೆಗೆ ಮೊದಲ ಚಿತ್ರದ ತುಣುಕುಗಳನ್ನೂ ಸೇರಿಸಿ ಕೆಲಸ ಮುಗಿಸಿದರು. ತನ್ನ ರೂಪವನ್ನು ಒಪ್ಪಿಗೆ ಇಲ್ಲದೆ ಬಳಸಿದ್ದಾರೆ ಎಂದು ಗ್ಲೋವರ್ ಮೊಕದ್ದಮೆ ಹೂಡಿದರು, ಕೊನೆಗೆ ರಾಜಿಯಾಯಿತು. ಗ್ಲೋವರ್ ಮಾಡಿದ್ದು ಸರಿ ಅಂತಲೇ ನನಗೆ ಅನ್ನಿಸುವುದು. ಈಗ ಕಂಪ್ಯೂಟರಿನಲ್ಲಿ ಯಾರ ಮುಖವನ್ನು ಬೇಕಾದರೂ ಮಾಡಬಹುದಾದ ಕಾಲದಲ್ಲಿ ಆ ಜಗಳ ಇನ್ನೂ ದೊಡ್ಡದಾಗಿ ಕಾಣುತ್ತದೆ.

2015ರ ಭವಿಷ್ಯ ಸರಿ ಹೇಳಿದರೋ ತಪ್ಪು ಹೇಳಿದರೋ ಅನ್ನುವ ಚರ್ಚೆ ನನಗೆ ಅಷ್ಟು ಮುಖ್ಯ ಅಲ್ಲ. ವಿಡಿಯೊ ಕರೆ ಬಂತು, ಹಾರುವ ಕಾರು ಬರಲಿಲ್ಲ, ಮನೆತುಂಬ ಫ್ಯಾಕ್ಸ್ ಮಷಿನ್ ಇಟ್ಟವರಿಗೆ ಜೇಬಿನ ಫೋನ್ ಹೊಳೆಯಲಿಲ್ಲ. ಒಂದು ಮಾತ್ರ ರೋಮಾಂಚನ. ಶಿಕಾಗೊ ಕಬ್ಸ್ ಬೇಸ್‌ಬಾಲ್ ತಂಡ 2015ರಲ್ಲಿ ವಿಶ್ವ ಸರಣಿ ಗೆಲ್ಲುತ್ತದೆ ಎಂದು ಸಿನಿಮಾ ಹೇಳಿತ್ತು, 1908ರಿಂದ ಗೆಲ್ಲದ ತಂಡ ಅದು. ಅವರು 2016ರಲ್ಲಿ ಗೆದ್ದರು, ಒಂದೇ ವರ್ಷದ ವ್ಯತ್ಯಾಸ.

ವಿಜ್ಞಾನದ ಮಾತೂ ಸ್ವಲ್ಪ ಬೇಕು. ಕಾರಿಗೆ ಬೇಕಾದದ್ದು ಗಂಟೆಗೆ 88 ಮೈಲಿ, ಅಂದರೆ ಸುಮಾರು 142 ಕಿಲೋಮೀಟರ್ ವೇಗ, ಮತ್ತು 1.21 ಗಿಗಾವ್ಯಾಟ್ ಶಕ್ತಿ. ಕಾರವಾರದವರಿಗೆ ಇದನ್ನು ಅಳೆಯುವುದು ಸುಲಭ. ನಮ್ಮ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ, ಒಟ್ಟು 880. ಡಾಕ್‌ಗೆ ಬೇಕಿರುವುದು 1,210. ಇಡೀ ಕೈಗಾ ಒಂದೇ ಕಾರಿಗೆ ಸಾಲದು. 1955ರ ಡಾಕ್ ಆ ಅಂಕಿ ಕೇಳಿ ಗಾಬರಿಯಾಗುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಎರಡನೇ ಭಾಗದಲ್ಲಿ ಕಸ ಹಾಕಿದರೆ ಸಾಕು, ಕಾರಿನ ಮೇಲಿನ ಪುಟ್ಟ ಯಂತ್ರ ಅದರಿಂದಲೇ ಅಷ್ಟು ಶಕ್ತಿ ತೆಗೆಯುತ್ತದೆ, ಅದು ಶುದ್ಧ ಕಲ್ಪನೆ.

ಆದರೆ ಕಾಲ ಎಲ್ಲರಿಗೂ ಒಂದೇ ವೇಗದಲ್ಲಿ ಓಡುವುದಿಲ್ಲ ಅನ್ನುವುದು ಕಲ್ಪನೆ ಅಲ್ಲ, ಐನ್‌ಸ್ಟೈನ್ ಹೇಳಿದ್ದು, ಅಳೆದು ಖಚಿತಪಡಿಸಿದ್ದು. ಕಾರವಾರದ ಬೈತಖೋಲ ಬಂದರಿನಿಂದ ಹೊರಡುವ ಮೀನುಗಾರಿಕೆ ಬೋಟಿನ ಜಿಪಿಎಸ್ ಇದನ್ನೇ ನಂಬಿಕೊಂಡಿದೆ. ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಗಡಿಯಾರ ವೇಗದಿಂದಾಗಿ ದಿನಕ್ಕೆ 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ, ಭೂಮಿಯ ಸೆಳೆತ ಅಲ್ಲಿ ಕಡಿಮೆ ಇರುವುದರಿಂದ 45 ಮುಂದೆ ಓಡುತ್ತದೆ. ಒಟ್ಟು ಲೆಕ್ಕ 38 ಮುಂದೆ. ಇದನ್ನು ಸರಿಪಡಿಸದೆ ಬಿಟ್ಟರೆ ದಿನಕ್ಕೆ ಹತ್ತು ಕಿಲೋಮೀಟರಿನಷ್ಟು ದೂರದ ತಪ್ಪು ಸೇರುತ್ತ ಹೋಗುತ್ತದೆ, ಬಂದರು ಹುಡುಕುವ ಬೋಟು ಎಲ್ಲಿಗೋ ಹೋಗಬಹುದು. ಅಂದರೆ ಭವಿಷ್ಯಕ್ಕೆ ಒಂದಿಷ್ಟು ಬೇಗ ಹೋಗುವುದು ನಿಜಕ್ಕೂ ಆಗುವ ಸಂಗತಿ, ಅಳತೆ ಮಾತ್ರ ತೀರಾ ಸಣ್ಣದು. ಹಿಂದಕ್ಕೆ ಹೋಗಿದ್ದಕ್ಕೆ ಯಾವ ಪುರಾವೆಯೂ ಇಲ್ಲ. ಈ ಸಿನಿಮಾದ ಎಲ್ಲ ಗಲಾಟೆಯೂ ಆ ಹಿಂದಿನ ದಿಕ್ಕಿನದೇ.

ಒಂದು ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಆ ಕೆಟ್ಟ 1985ರಲ್ಲಿ ಇನ್ನೊಬ್ಬ ಮಾರ್ಟಿ ಇದ್ದ. ನಮ್ಮ ಮಾರ್ಟಿಯನ್ನು ನೋಡಿದ ಬಿಫ್, ನೀನು ಸ್ವಿಟ್ಜರ್ಲೆಂಡಿನ ಬೋರ್ಡಿಂಗ್ ಶಾಲೆಯಲ್ಲಿ ಇರಬೇಕಿತ್ತಲ್ಲ ಅನ್ನುತ್ತಾನೆ. ಅಪ್ಪನನ್ನು ಕಳೆದುಕೊಂಡು, ಮಲತಂದೆಯಿಂದ ದೂರ ಬೆಳೆದ ಆ ಹುಡುಗನನ್ನು ನಾವು ಒಮ್ಮೆಯೂ ನೋಡುವುದಿಲ್ಲ. ಪುಸ್ತಕ ಸುಟ್ಟಾಗ ಅವನೂ ಆ ಗೆರೆಯ ಜೊತೆ ಅಳಿಸಿಹೋದ. ಅವನು ಮಾರ್ಟಿಯೇ, ಒಳ್ಳೆಯ ಬದುಕು ಅವನಿಗೆ ವಾಪಸ್ ಸಿಕ್ಕಿತು ಅಂತ ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಹದಿನೇಳು ವರ್ಷ ಬೇರೆ ನೆನಪುಗಳ ಜೊತೆ ಬದುಕಿದವನು ಬೇರೆ ಮನುಷ್ಯ. ಮೊದಲ ಭಾಗದ ಕೊನೆಯಲ್ಲೂ ಇದೇ ಆಗಿದೆ, ಅಲ್ಲಿ ಧೈರ್ಯವಂತ ಜಾರ್ಜ್ ಬೆಳೆಸಿದ ಒಬ್ಬ ಮಾರ್ಟಿ ಇದ್ದ, ಕಾರು ಹತ್ತಿ 1955ಕ್ಕೆ ಹೋದ, ಅವನ ಜಾಗಕ್ಕೆ ನಮ್ಮ ಮಾರ್ಟಿ ಬಂದು ನಿಂತ. ಮುಂದಿನ ಸಲ ನೋಡುವಾಗ ಆ ಇಬ್ಬರು ಹುಡುಗರನ್ನೂ ಲೆಕ್ಕಕ್ಕೆ ತೆಗೆದುಕೊಂಡು ನೋಡಿ, ನಿಮಗೆ ಬೇರೆ ಉತ್ತರ ಹೊಳೆದರೆ ನನಗೆ ನಿಜಕ್ಕೂ ಕೇಳಬೇಕಿದೆ.